ತಾನಾಗಿ ನಿಲ್ಲುವ ಸೂಜಿ

ನಾರಾಯಣಪೇಟೆ ಜಿಲ್ಲೆಯಾದ ವರ್ಷ ನಮ್ಮ ಆಸ್ಪತ್ರೆಗೆ ರಕ್ತಪರೀಕ್ಷೆಯ ಹೊಸ ಯಂತ್ರ ಬಂತು. ಲ್ಯಾಬಿನ ಶರಣಯ್ಯ ತಾನೇ ಅದನ್ನು ಹೆತ್ತವನಂತೆ ಓಡಾಡತೊಡಗಿದ. ಕೆಮ್ಮೆಂದು ಬಂದವರನ್ನೂ ಹಿಡಿದು ಕೂರಿಸಿ, ಮುಚ್ಚಳ ಬಿಗಿದ ಖಾಲಿ ನಳಿಕೆಯೊಂದನ್ನು ಯಂತ್ರದೊಳಗಿಡುತ್ತಾನೆ. ರಕ್ತ ಹೀರಲು ಕೆಳಗಿಳಿದ ಯಂತ್ರದ ಸೂಜಿ ಮುಚ್ಚಳಕ್ಕೆ ತಾಗಿ ಗಕ್ಕನೆ ನಿಲ್ಲುತ್ತದೆ. "ನೋಡ್ರೀ, ಏನರ ಅಡ್ಡ ಬಂದ್ರ ಸೂಜಿ ಮ್ಯಾಲಿನ ಅಯಸ್ಕಾಂತ ಸರೀತೈತಿ, ಮಿಷನ್‌ಗೆ ತಿಳೀತೈತಿ!" ಎಂದು ಮೀಸೆ ತಿರುವುತ್ತಾನೆ. ಡಾಕ್ಟರು ಕರೆದರೆ, "ಡೆಮೊ ನಡದೈತ್ರಿ" ಎಂಬ ಉತ್ತರ. ಮೊನ್ನೆ ಮಾಗನೂರಿನ ಮುದುಕಿ ಪೆಂಟಮ್ಮನಿಗೆ ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಆಕೆ ಕಣ್ಣೊರೆಸಿಕೊಂಡು, "ನಿನ್ನ ಕೈಯಾಗಿನ ಸೂಜಿಗಿ ಆ ಅಯಸ್ಕಾಂತ ಇಲ್ಲೇನಪ್ಪಾ?" ಎಂದಳು. ಶರಣಯ್ಯ ಸೂಜಿ ಕೆಳಗಿಟ್ಟ. ಆಕೆಯ ತಣ್ಣನೆಯ ಕೈಯನ್ನು ಬೆಚ್ಚಗಾಗುವ ತನಕ ತನ್ನ ಅಂಗೈಗಳ ನಡುವೆ ಹಿಡಿದು ಕುಳಿತ. ಹೊಸ ಸೂಜಿ ತೆಗೆದು, "ನೋವಾದ್ರ ಹೇಳವ್ವಾ, ನಿಂದರತೀನಿ" ಎಂದ. ಈ ಸಲ ರಕ್ತ ಬಂತು. ಪೆಂಟಮ್ಮ ನಿಲ್ಲು ಎನ್ನಬೇಕಾಗಲಿಲ್ಲ.