ಶೀತಲ ಗೋದಾಮಿನಲ್ಲಿ ಸ್ವೆಟರ್ ಪರೀಕ್ಷೆ

ಒಲೆಯಿಂದ ಕೊನೆಯ ತಟ್ಟೆ ಬ್ರೆಡ್ ಹೊರತೆಗೆದ ಬೇಕರಿ ಯಜಮಾನರು ಅಂದು ನೇರ ಮನೆಗೆ ಹೋಗಲಿಲ್ಲ. ಎರಡು ಸ್ವೆಟರ್, ಕೋಟು, ಉಣ್ಣೆ ಟೋಪಿ, ಕೈಗವಸು ತುಂಬಿದ್ದ ಚೀಲ ಹೊತ್ತು, ಭಾವಮೈದುನ ಕೆಲಸ ಮಾಡುವ ಹಣ್ಣಿನ ಶೀತಲ ಗೋದಾಮಿಗೆ ಬಂದರು. ಹೆಂಡತಿ ಅಲ್ಲಿ ಕಾಯುತ್ತಿದ್ದರು.

ಅರ್ಧ ಆಯುಸ್ಸು ಒಲೆಯ ಮುಂದೆ ಕಳೆದ ಯಜಮಾನರು ಹಿಮ ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಮರುದಿನವೇ ದಂಪತಿಯ ಬೆಟ್ಟದ ಪ್ರವಾಸ. ಆದರೆ ಹಿಂದಿನ ಚಳಿಗಾಲದ ಅವರ ಕೆಮ್ಮನ್ನು ಮರೆಯದ ಹೆಂಡತಿ ಷರತ್ತು ಹಾಕಿದ್ದರು: ಗೋದಾಮಿನಲ್ಲಿ ನಡುಗಿದರೆ ಪ್ರವಾಸ ರದ್ದು.

ಎಲ್ಲವನ್ನೂ ಒಂದರ ಮೇಲೊಂದು ತೊಟ್ಟು ನಿಂತ ಅವರನ್ನು ನೋಡಿ ಭಾವಮೈದುನ ನಕ್ಕ. "ಭಾವ, ಥೇಟ್ ಕರಡಿ!"

"ಕರಡಿಗೆ ಚಳಿ ಆಗಲ್ಲ ಕಣೋ. ಬಾಗಿಲು ಹಾಕು!"

ಸೇಬಿನ ಪೆಟ್ಟಿಗೆಗಳ ನಡುವೆ ನಿಂತು ಅವರು ಚಿಕ್ಕ ಮಕ್ಕಳಂತೆ ಬಾಯಿಂದ ಹಬೆ ಬಿಟ್ಟು ಖುಷಿಪಟ್ಟರು. ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ ಎನ್ನತೊಡಗಿತು. ಬಾಗಿಲಿನ ಗಾಜಿನಿಂದ ನೋಡುತ್ತಿದ್ದ ಹೆಂಡತಿಯ ಮುಖ ಬಾಡಿತು; ಹೋಗುವ ಆಸೆ ಅವರಿಗೂ ಇತ್ತು. ಆಗ ಗಂಡನ ಕೈ ಕಣ್ಣಿಗೆ ಬಿತ್ತು. ಬಾಗಿಲು ತೆಗೆದರು.

"ಅಯ್ಯೋ, ತೋಳು ಯಾಕ್ರೀ ಮಡಚಿದ್ದೀರ?"

ಕೋಟು, ಸ್ವೆಟರುಗಳ ತೋಳುಗಳೆಲ್ಲ ಮೊಣಕೈವರೆಗೆ ಏರಿದ್ದವು. ಒಲೆಯ ಮುಂದೆ ನಿಂತು ನಿಂತು ಬಂದ ಅಭ್ಯಾಸ. ಮಡಚಿದ್ದು ಅವರಿಗೇ ಗೊತ್ತಿರಲಿಲ್ಲ. ತೋಳು ಇಳಿಸಿಕೊಂಡು ಮತ್ತೆ ಒಳಗೆ ನಿಂತರು. ಈ ಸಲ ಎಷ್ಟು ಹೊತ್ತಾದರೂ ನಡುಕ ಬರಲಿಲ್ಲ.

"ಅಲ್ಲಿ ಹೋಗಿ ಮಡಚಿದ್ರೆ?"

"ತೋಳನ್ನ ಕೈಗವಸಿಗೆ ಸೇರಿಸಿ ಹೊಲಿದುಬಿಡೇ. ಹೋಗೋದು ಗ್ಯಾರಂಟಿ ತಾನೆ?"

ಆ ಸಂಜೆ ಹೆಂಡತಿ ಕೋಟಿನ ತೋಳುಗಳನ್ನು ಕೈಗವಸಿಗೆ ಸೇರಿಸಿ ಗಟ್ಟಿಯಾಗಿ ಹೊಲಿದರು. ಬೆಳಗಿನ ಬಸ್ಸಿನಲ್ಲಿ ಇಬ್ಬರೂ ಹೊರಟರು.