ಮೊಣಕಾಲು ಮತ್ತು ಟಿಕೆಟಿನ ಆ್ಯಪ್

ಬರೆಯದೆ ಬಿಡೋಣ ಎಂದಿದ್ದೆ ಗೆಳೆಯರೇ, ನಮ್ಮ ಬಿಲ್ಡಿಂಗಿನ ಸುಶೀಲಕ್ಕನ ಫೋನಿಗೆ ಮುಂಬೈ ಲೋಕಲ್ ರೈಲಿನ ಟಿಕೆಟಿನ ಆ್ಯಪ್ ಹಾಕಿಕೊಟ್ಟು ಬೀಗಿದವಳು ನಾನೇ.

ಇಂದು ಬೈಕುಲ್ಲಾದ ಮೂಳೆ ಡಾಕ್ಟರಲ್ಲಿಗೆ ಹೊರಟೆವು. ಸುಶೀಲಕ್ಕ ಊರುಗೋಲು ಹಿಡಿದು ಸ್ಟೇಷನ್ ಸೇತುವೆ ಹತ್ತಿ, ಹೆಮ್ಮೆಯಿಂದ ಫೋನ್ ತೆಗೆದರು. ಸ್ಟೇಷನ್ನಿನೊಳಗೆ ಟಿಕೆಟ್ ಕೊಡುವುದಿಲ್ಲ, ದೂರ ಹೋಗಿ ಎಂದಿತು ಆ್ಯಪ್.

ಸಹಾಯಕ ಎಂದು ಬ್ಯಾಡ್ಜ್ ಹಾಕಿಕೊಂಡವನು ನಕ್ಕ. “ಬಹುತ್ ಈಸೀ ಹೈ, ಆಂಟೀ. ನೀಚೇ ರೋಡ್ ಪರ್ ಜಾಕೇ ಬುಕ್ ಕರೋ.” ಬಹಳ ಸುಲಭವಂತೆ, ಕೆಳಗೆ ರಸ್ತೆಗೆ ಹೋಗಿ ಬುಕ್ ಮಾಡಬೇಕಂತೆ.

ಸುಶೀಲಕ್ಕ ನನ್ನತ್ತ ತಿರುಗಿದರು. “ಅಲ್ಲ ಮಾರಾಯ್ತಿ, ಹತ್ತಿ ಇಳಿಯುವ ಮೊಣಕಾಲಿದ್ದಿದ್ರೆ ನಾನು ಡಾಕ್ಟರ ಹತ್ರ ಯಾಕೆ ಹೋಗ್ಬೇಕಿತ್ತು?”

ಇಳಿದು, ಟಿಕೆಟ್ ಪಡೆದು, ಮತ್ತೆ ಹತ್ತಿ, ರೈಲು ಹಿಡಿದು ಬೈಕುಲ್ಲಾ ತಲುಪುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. ಅವರು ಮತ್ತೆ ಸಿಗುವುದು ನವೆಂಬರ್ 14ಕ್ಕೆ.

ಈ ಪೋಸ್ಟಿಗೆ ಹತ್ತುವ ಮೆಟ್ಟಿಲಿಲ್ಲ, ಇಂದೇ ನಿಮ್ಮನ್ನು ತಲುಪುತ್ತದೆ: ಅಕ್ಟೋಬರ್ 14.