ಮುನೀಂದ್ರರ ಮನೆಯ ಡಯಲ್ ಟೋನ್

ಗಂಗಾನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ವೆಂಕಟಲಕ್ಷ್ಮಮ್ಮನವರಿಗೆ ಇದ್ದದ್ದು ಮೂರು ಹಸು, ಒಂದು ಟೆಲಿಫೋನು, ಒಬ್ಬ ಮಗ. ಅವರ ಯಜಮಾನರು ಹೆಬ್ಬಾಳದ ಕೆರೆ ನೀರಿನಲ್ಲಿ ಸೊಪ್ಪು ಬೆಳೆದು ಬದುಕಿದವರು. ಜಮೀನು ಲೇಔಟಾಗಿ, ಯಜಮಾನರೂ ತೀರಿಕೊಂಡ ಮೇಲೆ, ಆಕೆ ಉಳಿದ ಸೈಟಿನಲ್ಲಿ ಕೆಳಗೊಂದು ಮೇಲೊಂದು ಮನೆ ಕಟ್ಟಿಸಿ, ಹಿಂದೆ ಕೊಟ್ಟಿಗೆ ಹಾಕಿಸಿ, ಹಾಲು ಮಾರತೊಡಗಿದರು. ಮಗ ಮುನೀಂದ್ರ ಯಶವಂತಪುರದ ಪಂಪ್‌ಸೆಟ್ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಅಪ್ಪ ನಂಬಿದ್ದು ಕೆರೆ, ಅಮ್ಮ ಮಾಡುವುದು ಹಾಲು ಕರೆಯುವುದು, ಮಗನ ಪಾಲಿಗೆ ಬಂದದ್ದು ಬರೀ ಕರೆ ಎಂದು ನಾನೊಮ್ಮೆ ಹೇಳಿದೆ. ಮುನೀಂದ್ರ ನಕ್ಕರು. ನಾನು ಇದ್ದ ಐದು ಬಾಡಿಗೆ ಮನೆಗಳಲ್ಲಿ, ನನ್ನ ಇಂಥ ಮಾತಿಗೆ ನಕ್ಕ ಓನರ್ ಕಡೆಯವರು ಅವರೊಬ್ಬರೇ.

ನಾಲ್ಕನೆಯ ವಯಸ್ಸಿನಲ್ಲಿ ದಡಾರ ಬಂದು ಅವರ ಎರಡೂ ಕಣ್ಣು ಹೋಗಿದ್ದವು. ಅಂಧರ ಶಾಲೆಯಲ್ಲಿ ಬ್ರೈಲ್ ಜೊತೆಗೆ ಇಂಗ್ಲಿಷ್ ಟೈಪಿಂಗನ್ನೂ ಕಲಿತು, ಇಪ್ಪತ್ತೆರಡಕ್ಕೆ ಕಾರ್ಖಾನೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು ಹದಿನೆಂಟು ವರ್ಷ ಎದ್ದಿರಲಿಲ್ಲ. ಮುನ್ನೂರ ಚಿಲ್ಲರೆ ಎಕ್ಸ್‌ಟೆನ್ಶನ್ ನಂಬರುಗಳು ನಾಲಿಗೆಯ ತುದಿಯಲ್ಲಿದ್ದವು. ಫೋನ್ ಎತ್ತಿ ಟೋನ್ ಕೇಳಿದರೆ ಸಾಕು, ಇದು ಮಲ್ಲೇಶ್ವರದ ಎಕ್ಸ್‌ಚೇಂಜು, ಇದು ಯಲಹಂಕದ್ದು ಎಂದು ಹೇಳುತ್ತಿದ್ದರು. ಯಲಹಂಕದ ಟೋನಿಗೆ ಸ್ವಲ್ಪ ನೆಗಡಿಯಂತೆ. ನನಗೆ ಎಲ್ಲವೂ ಒಂದೇ ಥರ ಕೇಳುತ್ತಿದ್ದವು.

ಅಮ್ಮ ಹಗಲೆಲ್ಲ ಕೊಟ್ಟಿಗೆಯಲ್ಲಿ, ಇಲ್ಲವೆ ಹುಲ್ಲು ತರಲು ಹೋಗಿರುತ್ತಿದ್ದರಿಂದ ಮನೆಯ ಫೋನ್ ಎತ್ತುವವರಿರಲಿಲ್ಲ. ಅದಕ್ಕೆ ಮುನೀಂದ್ರ ಒಂದು ಏರ್ಪಾಡು ಮಾಡಿದ್ದರು. ಮನೆಯಲ್ಲಿ ಆರು ಸಲ ಬಡಿದುಕೊಂಡ ಫೋನ್ ತಾನಾಗಿಯೇ ಕಾರ್ಖಾನೆಯ ಬೋರ್ಡಿಗೆ ಹೋಗಿ ಬೀಳುತ್ತಿತ್ತು. ನಾಳೆ ಅರ್ಧ ಲೀಟರ್ ಜಾಸ್ತಿ ಎಂದು ಹೇಳಲು ಫೋನ್ ಮಾಡಿದ ಆರ್.ಟಿ. ನಗರದ ಗೃಹಿಣಿಗೆ ಮೊದಲು ‘ಗುಡ್ ಮಾರ್ನಿಂಗ್’ ಕೇಳಿಸುತ್ತಿತ್ತು, ಆಮೇಲೆ ಪಂಪ್‌ಸೆಟ್ ಕಂಪನಿಯ ಹೆಸರು, ಕೊನೆಗೆ, ಅಮ್ಮಂಗೆ ಹೇಳ್ತೀನಿ ಬಿಡಿ ಎಂಬ ಭರವಸೆ. ಹನ್ನೊಂದು ವರ್ಷ ಹೀಗೇ ನಡೆಯಿತು. ಕಾರ್ಖಾನೆಯ ಆಡಳಿತ ನೋಡಿಕೊಳ್ಳುವ ಮ್ಯಾನೇಜರ್ ಅನಂತರಾಜು ಅವರ ಮನೆಗೂ ಅದೇ ಹಾಲು ಹೋಗುತ್ತಿದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಕಾರ್ಖಾನೆಗೆ ತಾನೇ ಮಾತಾಡಿ, ತಾನೇ ಲೈನ್ ಕೊಡುವ ಬೋರ್ಡ್ ಬಂತು. ಮುಂದಿನ ಒಂದನೇ ತಾರೀಕಿನಿಂದ ಹಳೆಯ ಬೋರ್ಡಿನ ಜಾಗದಲ್ಲಿ ಅದು. ಅನಂತರಾಜು ಕೆಟ್ಟವರಲ್ಲ. ಮುನೀಂದ್ರರನ್ನು ಕರೆಸಿ ಕಾಫಿ ಕೊಡಿಸಿದರು. ನಿವೃತ್ತಿಯವರೆಗೆ ಒಂದು ಮೂಲೆಯಲ್ಲಿ ಆರಾಮಾಗಿ ಕೂತಿರಬಹುದು, ಯಾರೂ ಕೇಳುವುದಿಲ್ಲ ಎಂದರು. ಮುನೀಂದ್ರ ತಮ್ಮನ್ನು ದೂರು ವಿಭಾಗಕ್ಕೆ ಹಾಕಿ ಎಂದು ಕೇಳಿಕೊಂಡರು. ಆದರೆ ದೂರುಗಳು ಆಗಲೇ ಇ-ಮೇಲಿನಲ್ಲಿ ಬರತೊಡಗಿದ್ದವು.

‘ನೋಡಪ್ಪಾ ಮುನೀಂದ್ರ, ಕುರ್ಚಿ ಕೊಡ್ತೀನಿ, ಸಂಬಳ ಕೊಡ್ತೀನಿ. ಕೆಲಸ ಹೆಂಗ್ ಕೊಡ್ಲಿ, ನೀನೇ ಹೇಳು’ ಎಂದರು ಅನಂತರಾಜು.

ಮನೆಯಲ್ಲಿ ತನ್ನ ಹತ್ತಿರ ಓದಿ ಹೇಳುವ ಕಂಪ್ಯೂಟರಿದೆ, ಯಾರ ಸಹಾಯವೂ ಇಲ್ಲದೆ ತಾನೇ ಮೇಲ್ ಬರೆದು ಕಳಿಸಬಲ್ಲೆ ಎಂದರು ಮುನೀಂದ್ರ. ಹಾಗಾದರೆ ಕಳಿಸು, ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಮೇಲ್ ತೆಗೆಯುತ್ತೇನೆ, ಇದ್ದರೆ ಆರ್ಡರ್ ಮಾಡಿಸುತ್ತೇನೆ ಎಂದರು ಅನಂತರಾಜು. ಅವತ್ತು ಶನಿವಾರ. ಕೈಯಲ್ಲಿ ಒಂಬತ್ತು ದಿನವಿತ್ತು.

ಕಂಪ್ಯೂಟರ್ ಇದ್ದದ್ದು ನಿಜ. ಅದು ಮಾತಾಡುತ್ತಿದ್ದದ್ದೂ ನಿಜ. ವಿಂಡೋಸಿನಲ್ಲಿ ಓದಿ ಹೇಳುವ ಸಾಫ್ಟ್‌ವೇರಿಗೆ ಆಗ ಒಂದು ಸೀಮೆ ಹಸುವಿನ ಬೆಲೆ. ಹಾಗಾಗಿ ಅಂಧರ ಶಾಲೆಯ ಗೆಳೆಯರೊಬ್ಬರು ವಿಂಡೋಸಿನ ಬದಲು ಲಿನಕ್ಸ್ ಹಾಕಿಕೊಟ್ಟಿದ್ದರು. ಅದೂ ಪುಕ್ಕಟೆ, ಅದರ ಮಾತೂ ಪುಕ್ಕಟೆ. ಮುನೀಂದ್ರ ಟೈಪ್ ಮಾಡಿದ್ದನ್ನು, ಪರದೆಯ ಮೇಲೆ ಬಂದದ್ದನ್ನು, ಊಟವಾದ ಮೇಲೆ ತೂಕಡಿಸುವ ಗುಮಾಸ್ತನ ಧ್ವನಿಯಲ್ಲಿ ಒಂದಕ್ಷರ ಬಿಡದೆ ಓದುತ್ತಿತ್ತು. ಇಲ್ಲದಿದ್ದದ್ದು ಇಂಟರ್ನೆಟ್ಟು. ಆಗ ನಮ್ಮ ಬೀದಿಯಲ್ಲಿ ಇಂಟರ್ನೆಟ್ ಎಂದರೆ ಟೆಲಿಫೋನ್ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಒಳಗಿನ ಮೋಡೆಮ್ಮಿನಿಂದ ನಂಬರ್ ಡಯಲ್ ಮಾಡಿಸುವುದು.

ಕಂಪ್ಯೂಟರ್ ಮಾರಿದ ಅಂಗಡಿಯವನು ಹಾಕಿಕೊಟ್ಟಿದ್ದ ಮೋಡೆಮ್ ಸಾಫ್ಟ್‌ವೇರ್ ಮೋಡೆಮ್ ಎಂಬ ಜಾತಿಯದು. ಆ ಕಾರ್ಡಿಗೆ ಸ್ವಂತ ಬುದ್ಧಿಯಿಲ್ಲ. ಯೋಚನೆಯ ಕೆಲಸವನ್ನೆಲ್ಲ ಕಂಪ್ಯೂಟರಿನ ತಲೆಗೆ ಕಟ್ಟಿ ತಾನು ಹೆಸರಿಗೆ ಮಾತ್ರ ಕೂತಿರುತ್ತದೆ. ಅಂಥವರನ್ನು ಹೇಗೆ ಮಾತಾಡಿಸಬೇಕೆಂದು ವಿಂಡೋಸಿಗೆ ಗೊತ್ತಿತ್ತು, ಲಿನಕ್ಸಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಸಲು ಡ್ರೈವರ್ ಎಂಬ ಪ್ರೋಗ್ರಾಮ್ ಬೇಕು. ಆ ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ.

ನಾನು ಈ ಕಥೆಯೊಳಗೆ ಬಂದದ್ದು ಮೆಟ್ಟಿಲಿಳಿದು. ಕಂಪ್ಯೂಟರಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಕಾನ್ವೆಂಟಿನ ಸಿಸ್ಟರುಗಳು, ಕೊಟ್ಟ ಸೂಚನೆಯನ್ನು ಮೊದಲಿನಿಂದ ಕೊನೆಯವರೆಗೆ ಓದದೆ ಪೆನ್ ಮುಟ್ಟಬಾರದೆಂದು ಹನ್ನೆರಡು ವರ್ಷ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದರು. ಸಂಬಳ ಕೊಡುತ್ತಿದ್ದ ಶಾಲೆಯಲ್ಲಿ ನಾನೂ ಅದನ್ನೇ ಕಲಿಸುತ್ತಿದ್ದೆ, ಸ್ಕೇಲಿಲ್ಲದೆ. ಆರ್.ಟಿ. ನಗರದ ಸೈಬರ್ ಸೆಂಟರಿಗೆ ಹೋಗಿ, ಡ್ರೈವರನ್ನು ಎರಡು ಫ್ಲಾಪಿಗಳಲ್ಲಿ ತುಂಬಿಕೊಂಡು, ಜೊತೆಗಿದ್ದ ಸೂಚನೆಯ ಪುಟಗಳನ್ನು ಪ್ರಿಂಟ್ ಮಾಡಿಸಿ ತಂದೆ. ಎರಡನೆಯ ಫ್ಲಾಪಿ ಕೆಟ್ಟಿತ್ತು. ಮತ್ತೆ ಹೋದೆ.

ಆ ಡ್ರೈವರ್ ತಯಾರಾಗಿ ಬರುವುದಿಲ್ಲ. ಹಿಟ್ಟು ಮಾತ್ರ ಕೊಡುತ್ತಾರೆ, ದೋಸೆ ನಾವೇ ಹುಯ್ದುಕೊಳ್ಳಬೇಕು. ನಾನು ಒಂದೊಂದೇ ಸಾಲು ಓದುವುದು, ಮುನೀಂದ್ರ ಟೈಪ್ ಮಾಡುವುದು, ಪೆಟ್ಟಿಗೆಯೊಳಗಿನ ಗುಮಾಸ್ತ ಇಲ್ಲ ಎನ್ನುವುದು. ಸಂಜೆ ಹಾಲು ಕರೆದಾದ ಮೇಲೆ ವೆಂಕಟಲಕ್ಷ್ಮಮ್ಮ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

‘ಟೀಚರಮ್ಮಾ, ಆ ಪೆಟ್ಗೆ ಬೈತೈತಾ, ಒಗಳ್ತೈತಾ?’

‘ಇನ್ನೂ ಬೈತಾ ಇದೆ ಅಮ್ಮ.’

‘ಬೈಲಿ ಬುಡಿ. ಬೈಯೋದ್ರಾಗೆ ಬುದ್ದಿ ಬತ್ತದೆ.’

ಬುಧವಾರ ಡ್ರೈವರ್ ಒಳಗೆ ಹೋಗಿ ಕೂತಿತು. ಇದೀಯಾ ಎಂದು ಮುನೀಂದ್ರ ಕೇಳಿದರೆ, ಇದ್ದೇನೆ ಎಂದು ಮೋಡೆಮ್ ಉತ್ತರ ಕೊಟ್ಟಿತು. ನಮ್ಮ ಸಂತೋಷ ಅರ್ಧ ನಿಮಿಷದ್ದು. ಡಯಲ್ ಮಾಡು ಎಂದ ಕೂಡಲೇ ಗುಮಾಸ್ತ ‘ನೋ ಡಯಲ್ ಟೋನ್’ ಎಂದ. ಮುನೀಂದ್ರ ತಂತಿ ಕಿತ್ತು ಫೋನಿಗೆ ಸಿಕ್ಕಿಸಿ ಕೇಳಿಸಿಕೊಂಡರು. ಟೋನ್ ಚೆನ್ನಾಗಿಯೇ ಇತ್ತು. ಮತ್ತೆ ಮೋಡೆಮ್ಮಿಗೆ ಸಿಕ್ಕಿಸಿದರೆ, ಟೋನೇ ಇಲ್ಲ.

ಗುರುವಾರ ಗೊತ್ತಾಯಿತು, ಮೋಡೆಮ್ ತಾನು ಅಮೆರಿಕದಲ್ಲಿದ್ದೇನೆ ಎಂದುಕೊಂಡಿದೆ ಎಂದು. ನೀನಿರುವುದು ಇಂಡಿಯಾದಲ್ಲಿ ಎಂದು ಒಂದು ಸಾಲು ಬರೆದು ತಿಳಿಸಿದೆವು. ಟೋನ್ ಇಲ್ಲ. ಶುಕ್ರವಾರ ಹೊಸ ತಂತಿ ತಂದೆವು. ಟೋನ್ ಇಲ್ಲ. ಇದು ಮೋಡೆಮ್ ಅಲ್ಲ, ಬರೀ ಮೋಡ, ಕಟ್ಟುತ್ತದೆ, ಹನಿಯುವುದಿಲ್ಲ ಎಂದೆ. ಮುನೀಂದ್ರ ನಗಲಿಲ್ಲ. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಭಾನುವಾರ ನಾಲ್ಕು ಗಂಟೆಗೆ ಅವರು ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಕೆಳಗಿನ ತಂತಿ ಕಂಪ್ಯೂಟರಿನಲ್ಲಿದೆ, ನಿಮ್ಮ ಫೋನಿಂದ ಒಂದು ಕಾಲ್ ಮಾಡಲೇ ಎಂದು ಕೇಳಿದರು. ಯಾರಿಗೆ ಎಂದೆ.

‘ಅನಂತರಾಜು ಸಾರಿಗೆ. ಆಗ್ಲಿಲ್ಲ ಅಂತ ಹೇಳ್ಬಿಡ್ತೀನಿ ಮೇಡಂ. ನಾಳೆ ಹತ್ತು ಗಂಟೆಗೆ ಅವ್ರು ಮೇಲ್ ತೆಗೆದು ಏನೂ ಇಲ್ಲ ಅಂತ ನೋಡೋದು ಬೇಡ.’

ಫೋನನ್ನು ಅವರ ಕಡೆ ಸರಿಸಿದೆ. ಅವರು ರಿಸೀವರ್ ಎತ್ತಿದರು. ಬೆರಳು ನಂಬರಿನ ಮೇಲಿತ್ತು, ಒತ್ತಲಿಲ್ಲ. ಇಟ್ಟರು. ಮತ್ತೆ ಎತ್ತಿದರು. ಮತ್ತೆ ಇಟ್ಟರು. ನಮ್ಮ ಫೋನೂ ಕೆಟ್ಟಿತೆಂದುಕೊಂಡೆ.

‘ನಿಮ್ ಫೋನು ಯಾವಾಗ್ಲೂ ಹಿಂಗೇನಾ ಮೇಡಂ?’

‘ಹೆಂಗೆ?’

‘ಒಂದೇ ಸಮ.’

‘ಡಯಲ್ ಟೋನ್ ಅಂದ್ರೆ ಒಂದೇ ಸಮ ಇರಲ್ವಾ?’

ಅವರು ರಿಸೀವರನ್ನು ಕಿವಿಗಿಟ್ಟುಕೊಂಡೇ ಕುರ್ಚಿ ಹುಡುಕಿಕೊಂಡು ಕೂತರು. ‘ನಮ್ಮನೇದು ಕುಂಟುತ್ತೆ ಮೇಡಂ. ಹನ್ನೊಂದು ವರ್ಷದಿಂದ ಕುಂಟ್ತಾ ಇದೆ. ಅದು ಕುಂಟು ಅನ್ನೋದೇ ನಂಗೆ ಮರ್ತುಹೋಗಿದೆ.’

ವಿಷಯ ಇಷ್ಟೇ. ಫೋನನ್ನು ಬೇರೆ ಕಡೆಗೆ ತಿರುಗಿಸಿಟ್ಟಿದ್ದರೆ, ಅದು ನೆನಪಿರಲಿ ಎಂದು ಎಕ್ಸ್‌ಚೇಂಜಿನವರು ಟೋನನ್ನು ತುಂಡು ತುಂಡು ಮಾಡಿ ಕಳಿಸುತ್ತಿದ್ದರು. ಊರಿನ ಅಷ್ಟೂ ಎಕ್ಸ್‌ಚೇಂಜುಗಳ ಟೋನು ಬಲ್ಲ ಮುನೀಂದ್ರರಿಗೆ ಮನೆಯ ಟೋನು ಅಮ್ಮನ ಕೆಮ್ಮಿನ ಹಾಗೆ. ಕಿವಿಗೆ ಬೀಳುತ್ತಿತ್ತು, ಕೇಳಿಸುತ್ತಿರಲಿಲ್ಲ. ಬುದ್ಧಿಯಿಲ್ಲದ ಮೋಡೆಮ್ ಮಾತ್ರ ಇದು ಟೋನ್ ಅಲ್ಲ ಎಂದು ಐದು ದಿನದಿಂದ ಸತ್ಯ ಹೇಳುತ್ತಿತ್ತು. ನಾವು ಅದನ್ನು ಬೈಯುತ್ತಿದ್ದೆವು.

ಕೆಳಗೆ ಹೋಗಿ ಫೋನ್ ತಿರುಗಿಸಿದ್ದನ್ನು ರದ್ದು ಮಾಡುವ ಮೊದಲು ಅವರು ಅಮ್ಮನನ್ನು ಕರೆದು ಹೇಳಿದರು.

‘ಅಂಗಾದ್ರೆ ನಾಳೆಯಿಂದ ನನ್ ಫೋನ್ ಯಾರ್ ಎತ್ತೋರು?’ ಎಂದರು ವೆಂಕಟಲಕ್ಷ್ಮಮ್ಮ. ‘ನಾನು ಅಸ ಇಡ್ಕಳ್ಳಾ, ಫೋನ್ ಇಡ್ಕಳ್ಳಾ?’

‘ಒಂದನೇ ತಾರೀಕಿಂದ ಹೆಂಗೂ ಆ ಬೋರ್ಡೇ ಇರಲ್ಲಮ್ಮ.’

ಆಕೆ ಮಗನ ಮುಖ ನೋಡಿದರು. ಹನ್ನೊಂದು ವರ್ಷ ಹಗಲಿನ ಹೊತ್ತು ಮಗ ಹೇಗಿದ್ದಾನೆಂದು ಆಕೆಗೆ ತಿಳಿಯುತ್ತಿದ್ದದ್ದು ಆ ಗಿರಾಕಿಗಳಿಂದಲೇ ಎಂದು ನನಗೆ ಹೊಳೆದದ್ದು ಆಗ. ನಿಮ್ಮ ಮಗ ಇವತ್ತು ನೆಗಡಿಯಲ್ಲಿದ್ದರು, ಇವತ್ತು ನಗುತ್ತಿದ್ದರು ಎಂದು ಹಾಲು ಹಾಕಲು ಹೋದಾಗ ಹೇಳುತ್ತಿದ್ದರಂತೆ. ‘ತೆಗ್ದಾಕು’ ಎಂದಷ್ಟೇ ಹೇಳಿ ಕೊಟ್ಟಿಗೆಗೆ ನಡೆದರು.

ಮುನೀಂದ್ರ ಮೊದಲು ಕಾಗದ ಬರೆದರು, ನಂತರ ಲೈನ್ ಹಚ್ಚಿದರು. ಆ ಹಳೆಯ ಕಂಪ್ಯೂಟರಿನ ಬುದ್ಧಿಯಲ್ಲಿ ಮೋಡೆಮ್ ಪಾಲು ತೆಗೆದುಕೊಂಡರೆ ಗುಮಾಸ್ತನಿಗೆ ತೊದಲು ಬರುತ್ತಿತ್ತು. ನಾನು ಸಿಸ್ಟರುಗಳು ಕಲಿಸಿದಂತೆ ಕೈಕಟ್ಟಿ ಕೂತೆ. ಕೀ ಮುಟ್ಟಿದರೆ ಅದು ಅವರ ಮೇಲ್ ಆಗುತ್ತಿರಲಿಲ್ಲ. ಡಯಲ್ ಮಾಡು ಎಂದರು. ಟಕಟಕ ನಂಬರ್ ಹೋಯಿತು, ರಿಂಗಾಯಿತು, ಆಮೇಲೆ ಬಾಣಲೆಯಲ್ಲಿ ಬೆಕ್ಕು ಹುರಿದಂಥ ಸದ್ದು. ಹಿಂದೆ ಕೊಟ್ಟಿಗೆಯಲ್ಲಿ ಹಸುವೊಂದು ಅಂಬಾ ಎಂದು ಮಾರುತ್ತರ ಕೊಟ್ಟಿತು. ಮುನೀಂದ್ರ ಮಾತ್ರ ತಲೆ ಓರೆ ಮಾಡಿ ಆ ಸದ್ದನ್ನು ಸಂಗೀತದಂತೆ ಕೇಳಿದರು. ತಪ್ಪಿ ಬೋರ್ಡಿಗೆ ಬರುವ ಫ್ಯಾಕ್ಸುಗಳಲ್ಲಿ ಅದರ ಅಣ್ಣತಮ್ಮಂದಿರು ಅವರಿಗೆ ಪರಿಚಿತರಂತೆ. ಸದ್ದು ನಿಂತಿತು. ಗುಮಾಸ್ತ ತೊದಲುತ್ತಾ ‘ಕನೆಕ್ಟ್’ ಎಂದ.

ಅವರು ಬರೆದದ್ದು ಇಂಗ್ಲಿಷಿನಲ್ಲಿ ಮೂರೇ ಸಾಲು. ನಾನು ಮುನೀಂದ್ರ, ಮನೆಯಿಂದ ಬರೆಯುತ್ತಿದ್ದೇನೆ. ಇವತ್ತು ಭಾನುವಾರ, ಸಂಜೆ ಐದೂವರೆ. ನಾಳೆ ಸಂಜೆಗೆ ಅರ್ಧ ಲೀಟರ್ ಹೆಚ್ಚಿಗೆ ಬೇಕೆಂದು ನಿಮ್ಮ ಮನೆಯವರು ಶುಕ್ರವಾರ ಬೋರ್ಡಿಗೆ ಫೋನ್ ಮಾಡಿದ್ದರು, ಖಚಿತಪಡಿಸಿ. ಆ ಫೋನ್ ಎತ್ತಿದ್ದು ಅವರೊಬ್ಬರೇ ಆದ್ದರಿಂದ, ಬೇರೆ ಯಾರೋ ಬರೆದುಕೊಟ್ಟರು ಎಂದು ಯಾರೂ ಅನ್ನುವಂತಿರಲಿಲ್ಲ.

ಸೋಮವಾರ ಹತ್ತೂಕಾಲಿಗೆ ಹದಿನೆಂಟು ವರ್ಷದಲ್ಲಿ ಮೊದಲ ಸಲ ಅನಂತರಾಜು ತಾವೇ ನಡೆದು ಟೆಲಿಫೋನ್ ಕೋಣೆಗೆ ಬಂದರು. ಬೂಟಿನ ಸದ್ದಿನಿಂದಲೇ ಗೊತ್ತಾಗಿ ಮುನೀಂದ್ರ ಎದ್ದು ನಿಂತರಂತೆ.

‘ಅರ್ಧ ಅಲ್ಲ, ಒಂದು ಲೀಟರು. ನೆಂಟ್ರು ಬರ್ತಿದ್ದಾರೆ’ ಎಂದರು ಅನಂತರಾಜು. ಬಾಗಿಲವರೆಗೆ ಹೋಗಿ, ‘ಆರ್ಡರ್ ಟೈಪ್ ಆಗ್ತಿದೆ. ಹಂಗೇ ಮಾತಾಡೋ ಕಂಪ್ಯೂಟರ್ ಇಲ್ಲೂ ಒಂದು ಹಾಕಿಸ್ಕೋ’ ಎಂದರು.

ಆ ಸಂಜೆ ಮುನೀಂದ್ರ ಎರಡನೆಯ ಮೇಲ್ ಬರೆದರು. ಸೂಚನೆಯ ಕೊನೆಯ ಪುಟದಲ್ಲಿ ಡ್ರೈವರ್ ಬರೆದವನ ವಿಳಾಸವಿತ್ತು. ನಾನು ಪುಟದ ಕೊನೆಯ ಅಕ್ಷರದವರೆಗೂ ಓದುವವಳಾದ್ದರಿಂದ ಅದನ್ನೂ ಓದಿದ್ದೆ. ಮುನೀಂದ್ರ ನೆನಪಿಟ್ಟುಕೊಂಡಿದ್ದರು. ಯಾವ ದೇಶದವನೋ ಗೊತ್ತಿಲ್ಲ. ಅಯ್ಯಾ, ನೀವು ಪುಕ್ಕಟೆಯಾಗಿ ಮಾಡಿಟ್ಟ ಕೆಲಸದಿಂದ ನನಗೊಂದು ಕೆಲಸ ಸಿಕ್ಕಿತು, ನಮ್ಮ ಕಡೆ ಬಂದರೆ ನಮ್ಮ ಹಸುವಿನ ಹಾಲಿನ ಕಾಫಿ ಕುಡಿದು ಹೋಗಬೇಕು ಎಂದು ಬರೆದು, ಕುಂಟುವ ಟೋನಿನ ಕಥೆಯನ್ನೂ ಸೇರಿಸಿದ್ದರು.

ಮೂರನೆಯ ದಿನ ಉತ್ತರ ಬಂತು. ಹಾಲಿಲ್ಲದ ಕಾಫಿ ಕುಡಿಯುವ ದೇಶದವನಂತೆ, ಆದರೂ ಬರುತ್ತೇನೆ ಎಂದಿದ್ದ. ಆ ಟೋನ್ ಎಷ್ಟು ಹೊತ್ತು ಕೂಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಿಳಿಸಿದರೆ ಮುಂದಿನ ಡ್ರೈವರಿನಲ್ಲಿ ಸರಿ ಮಾಡುತ್ತೇನೆ, ಅಲ್ಲಿಯವರೆಗೆ ಟೋನಿಗೆ ಕಾಯದೆ ಡಯಲ್ ಮಾಡುವ ಒಂದು ಆಜ್ಞೆಯಿದೆ ಎಂದೂ ಬರೆದಿದ್ದ. ಅದರ ಹೆಸರನ್ನು ಕಣ್ಣಲ್ಲೇ ಓದಿಕೊಂಡು ದಾಟಿಸಿಬಿಡೋಣವೆಂದು ನಾನು ಯೋಚಿಸುವಷ್ಟರಲ್ಲಿ ಗುಮಾಸ್ತ ಓದಿಬಿಟ್ಟಿದ್ದ: ಬ್ಲೈಂಡ್ ಡಯಲ್. ಮುನೀಂದ್ರ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು. ‘ಹದಿನೆಂಟು ವರ್ಷದಿಂದ ಅದನ್ನೇ ಮಾಡ್ತಿರೋದು ಮೇಡಂ, ನನ್ನೇ ಕೇಳ್ಬಹುದಿತ್ತು.’ ಆಮೇಲೆ ನನ್ನ ಕೈಗೆ ಗಡಿಯಾರ ಕೊಟ್ಟು ಕೂರಿಸಿ, ಟೋನಿನ ಕುಂಟನ್ನು ನೆನಪಿನಿಂದಲೇ ಮೇಜಿನ ಮೇಲೆ ಬೆರಳಲ್ಲಿ ಬಡಿದು ತೋರಿಸಿ, ಅಳೆದು ಕಳಿಸಿದರು. ಮುಂದೆ ಯಾರದೋ ಮನೆಯಲ್ಲಿ ಯಾರೋ ಐದು ದಿನ ಬೈಸಿಕೊಳ್ಳದಿರಲಿ ಎಂದು.

ಟೋನಿಗೆ ಕಾಯಬೇಕಿಲ್ಲವೆಂದ ಮೇಲೆ ಟೋನು ಕುಂಟಿದರೇನು. ಒಂದನೇ ತಾರೀಕು ಮುನೀಂದ್ರ ಮನೆಯ ಫೋನನ್ನು ಮತ್ತೆ ತಿರುಗಿಸಿದರು, ಈ ಸಲ ದೂರು ವಿಭಾಗದ ಮೇಜಿಗೆ. ಮೂರನೆಯ ದಿನವೇ ಆರ್.ಟಿ. ನಗರದಿಂದ, ಹಾಲು ನೀರಾಗಿದೆ ಎಂದು ಒಬ್ಬರು ಫೋನ್ ಮಾಡಿದರು. ಅದನ್ನು ಹೊಸ ಗುಮಾಸ್ತರಾದ ಮುನೀಂದ್ರ ಪೆಟ್ಟಿಗೆಯೊಳಗಿನ ಹಳೆಯ ಗುಮಾಸ್ತನಿಗೆ ಟೈಪ್ ಮಾಡಿಟ್ಟು, ಸಂಜೆ ಅಮ್ಮನಿಗೆ ಒಪ್ಪಿಸಿದರು. ದೂರನ್ನು ಪರಿಶೀಲಿಸಲಾಗುವುದು ಎಂಬ ಉತ್ತರವೂ ಹೋಗಿತ್ತಂತೆ.

ವೆಂಕಟಲಕ್ಷ್ಮಮ್ಮ ಬಕೆಟ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. ‘ನೋಡಿದ್ರಾ ಟೀಚರಮ್ಮಾ. ನೀವು ಓದಿ ಓದಿ ಕೊಟ್ಟು, ಈಗ ಮಗ ನನ್ ಮ್ಯಾಲೇ ಕಂಪ್ಲೇಂಟ್ ತತ್ತಾವ್ನೆ’ ಎಂದವರು ಒಳಗೆ ಹೋಗಿ, ನೀರಿಲ್ಲದ ಹಾಲನ್ನು ಒಂದು ಚೊಂಬು ತುಂಬಿಸಿ ತಂದು ನನ್ನ ಕೈಗಿಟ್ಟರು.